ಬಿಸಿಲು ಬಿದ್ದ ದಿನದ ಮಳೆ

ಮೊದಲಿಗೆ ನನ್ನ ಡೈರಿಯ ಒಂದು ದೋಷ ಹೇಳಿಬಿಡಬೇಕು. ಲಂಡನ್ನಿಗೆ ಬಂದ ಮೇಲೆ ನಾನು ಅದನ್ನು ದಿನಾ ಬರೆದವಳಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕೂತು, ಹಿಂದಿನ ಆರು ದಿನಗಳ ಪುಟಗಳನ್ನು ಒಂದೇ ಉಸಿರಿಗೆ ತುಂಬುತ್ತಿದ್ದೆ. ದಿನಾ ಬರೆದ ಹಾಗೆ ಕಾಣಲೆಂದು ನಡುವೆ ಪೆನ್ನು ಬದಲಿಸಿದ್ದೂ ಉಂಟು. ಯಾರ ಕಣ್ಣಿಗೆ ಕಾಣಲೆಂದೋ ಗೊತ್ತಿಲ್ಲ. ಆದ್ದರಿಂದ ಇಲ್ಲಿ ನಾನು ಹೇಳುವುದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಈ ಕಥೆಯಲ್ಲಿ ಅನುಮಾನಕ್ಕೇನೂ ಕೊರತೆಯಿಲ್ಲ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಾವಿದ್ದದ್ದು ರೇನರ್ಸ್ ಲೇನ್‌ನಲ್ಲಿ. ನನ್ನ ಗಂಡ ಮೈಸೂರಿನವರು, ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ನಾನು ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಮಾಡಿ, ಅದನ್ನು ಟ್ರಂಕಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದವಳು. ಕೊನೆಗೆ ಆ ಓದಿಗೆ ಸಂಬಂಧಪಟ್ಟ ಒಂದು ಕೆಲಸ ವೆಂಬ್ಲಿಯಲ್ಲಿ ಸಿಕ್ಕಿತು. ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಅಣೆಕಟ್ಟು ಕಟ್ಟುವವರಿಗೆ ನೀರಿನ ಲೆಕ್ಕ ಹಾಕಿಕೊಡುವ ಒಂದು ಸಣ್ಣ ಕಚೇರಿ.

ಆಗ ಕಚೇರಿಯ ಕೈಯಲ್ಲಿದ್ದದ್ದು ಗ್ರೀಸಿನ ದಕ್ಷಿಣ ತುದಿಯ ಪೆಲೊಪೊನೀಸ್ ಪರ್ಯಾಯ ದ್ವೀಪ. ಅಲ್ಲೊಂದು ಜಲಾಶಯ ಕಟ್ಟುವ ಯೋಚನೆಯಿತ್ತು. ಅದಕ್ಕಾಗಿ ಹನ್ನೊಂದು ಮಳೆಮಾಪನ ಕೇಂದ್ರಗಳ ಮೂವತ್ತು ವರ್ಷದ ರಿಜಿಸ್ಟರುಗಳು ಜೆರಾಕ್ಸ್ ಆಗಿ ರಟ್ಟಿನ ಪೆಟ್ಟಿಗೆಗಳಲ್ಲಿ ಬಂದಿದ್ದವು. ಪ್ರತಿ ಊರಿನಲ್ಲೂ ಒಬ್ಬ ವೀಕ್ಷಕ. ಬೆಳಿಗ್ಗೆ ಎಂಟಕ್ಕೆ ಮಾಪಕದ ಡಬ್ಬಿಯಲ್ಲಿ ಕೂಡಿದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಎಷ್ಟು ಮಿಲಿಮೀಟರೆಂದು ಆ ತಾರೀಖಿನ ಮುಂದೆ ಬರೆಯುವುದು ಅವನ ಕೆಲಸ. ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ನಮ್ಮದು. ಒಬ್ಬರು ಹಾಕಿದ ಪುಟವನ್ನು ಇನ್ನೊಬ್ಬರು ನೋಡದೆ ಮತ್ತೆ ಹಾಕಬೇಕು. ಎರಡೂ ತಾಳೆಯಾದರೆ ಸರಿ.

ಆ ಎರಡನೆಯವಳಾಗಿ ನಾನೇ ಒಬ್ಬಳನ್ನು ಸೇರಿಸಿದ್ದೆ. ವಿಜಾಪುರದ ಹುಡುಗಿ. ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ, ಕೊಲಿಂಡೇಲ್‌ನ ಹೊಸ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಳು. ಮೂರು ತಿಂಗಳ ಪರೀಕ್ಷಾ ಅವಧಿ. ಅದು ಮುಗಿದರೆ ಕಾಯಂ. ಕಾಯಂ ಆಗಲೇಬೇಕಿತ್ತು ಅವಳಿಗೆ. ಇಲ್ಲವಾದರೆ ಅತ್ತೆಮನೆಯವರೊಡನೆ ಲೆಸ್ಟರಿಗೆ ಹೋಗಿ ಇರುವುದೆಂದು ಗಂಡ ಹೇಳಿದ್ದನಂತೆ.

ನಮ್ಮ ಮುಖ್ಯಸ್ಥರು ಅರವತ್ತರ ಹತ್ತಿರದ ಇಂಗ್ಲಿಷ್ ಎಂಜಿನಿಯರು. ಮೊದಲ ದಿನವೇ ಒಂದು ಸೂಚನೆ ಕೊಟ್ಟಿದ್ದರು. ಅಂಕಿ ಮಾತ್ರ ಹಾಕಿ, ಟಿಪ್ಪಣಿ ಬರೆಯುವ ಕೊನೆಯ ಷರಾ ಕಲಮು ಬಿಟ್ಟುಬಿಡಿ, ಅದು ಗ್ರೀಕಿನಲ್ಲಿದೆ, ಓದಿಸುವಷ್ಟು ಸಮಯವಿಲ್ಲ ಎಂದು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ, ಪಹಣಿ ಕೈಗೆ ಬಂದರೆ ಮೊದಲು ಷರಾ ನೋಡು, ಹೆಸರು ಆಮೇಲೆ ನೋಡು ಎನ್ನುತ್ತಿದ್ದರು. ಆಗ ಆ ಮಾತು ನೆನಪಾಯಿತೇ? ಆಗಿರಲಿಕ್ಕಿಲ್ಲ. ಈಗ ಬರೆಯುವಾಗ ಚೆನ್ನಾಗಿ ಕೂರುತ್ತದೆ, ಅಷ್ಟೇ.

ಕೆಲಸ ಶುರುವಾದಾಗ ನನಗೆ ಒಂಥರ ಗರ್ವವಿತ್ತು. ಆ ನಾಡನ್ನು ನಾನು ನೋಡಿರಲಿಲ್ಲ, ಆದರೂ ಗುರುತಿನದೆನ್ನಿಸಿತು. ನಕ್ಷೆಯಲ್ಲಿ ಅದು ಸಮುದ್ರಕ್ಕೆ ಬೆರಳು ಚಾಚಿದ ಅಂಗೈಯ ಹಾಗೆ. ನಡುವೆ ಸುಣ್ಣಕಲ್ಲಿನ ಬೆಟ್ಟಸಾಲು. ಪಡುವಣ ಗಾಳಿ ತಂದ ಮಳೆ ಪಶ್ಚಿಮದ ಮಗ್ಗುಲನ್ನು ತೋಯಿಸಿ, ಬೆಟ್ಟ ದಾಟಿ ಪೂರ್ವಕ್ಕೆ ಬರುವಷ್ಟರಲ್ಲಿ ಬರಿದಾಗುತ್ತದೆ. ಧಾರವಾಡದವಳಿಗೆ ಇದನ್ನು ಹೇಳಿಕೊಡಬೇಕೆ? ಬೆಳಗಾವಿ ಕಡೆಯಿಂದ ವಿಜಾಪುರಕ್ಕೆ ಬಸ್ಸಿನಲ್ಲಿ ಹೋದವರಿಗೆಲ್ಲ ಅದು ಗೊತ್ತು. ವ್ಯತ್ಯಾಸ ಒಂದೇ, ಅಲ್ಲಿ ಬೇಸಿಗೆ ಒಣ, ಮಳೆಯೆಲ್ಲ ಚಳಿಗಾಲಕ್ಕೆ. ಜುಲೈ, ಆಗಸ್ಟ್ ಪುಟಗಳೆಂದರೆ ಮೇಲಿಂದ ಕೆಳಗೆ ಸೊನ್ನೆಗಳು. ಆ ಸೊನ್ನೆಗಳನ್ನು ಒತ್ತುವಾಗ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಒಣಗಿದ ಹಳ್ಳಗಳು, ಹಳ್ಳದ ಉರುಟುಗಲ್ಲುಗಳ ನಡುವೆ ಕಣಗಿಲ ಹೂ, ದೂಳು ಹಿಡಿದ ಆಲಿವ್ ತೋಪುಗಳು. ಅಕ್ಟೋಬರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಐವತ್ತು, ಅರವತ್ತು ಮಿಲಿಮೀಟರು. ಆ ಹಳ್ಳಗಳೆಲ್ಲ ಒಂದೇ ಮಧ್ಯಾಹ್ನ ಕೆಂಪಾಗಿ ಹರಿದಿರಬೇಕು. ಎಂ.ಎ. ಪರೀಕ್ಷೆಯಲ್ಲಿ ಬರೆದ ವಾಕ್ಯ ಇನ್ನೂ ಬಾಯಲ್ಲಿತ್ತು: ಮೆಡಿಟರೇನಿಯನ್ ಹವಾಮಾನ, ಬಿಸಿಯಾದ ಒಣ ಬೇಸಿಗೆ, ಮೃದುವಾದ ತೇವದ ಚಳಿಗಾಲ. ಆ 'ಮೃದುವಾದ' ಎಂಬ ಪದವೇ ಮುಂದಿನದಕ್ಕೆಲ್ಲ ಕಾರಣ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಏಳನೆಯ ಕೇಂದ್ರದ ಮೇಲೆ ಮೊದಲು ಅನುಮಾನ ಪಟ್ಟವಳು ನಾನೇ. ಇದು ಖಾತ್ರಿ. ಡೈರಿಯಲ್ಲಿದೆ.

ತಾಳೆ ನೋಡುವ ಕ್ರಮ ಹೀಗಿತ್ತು: ಒಂದು ಕೇಂದ್ರದ ಒಂದು ದಿನದ ಮಳೆಯನ್ನು ಅದರ ಸುತ್ತಲಿನ ಮೂರು ಕೇಂದ್ರಗಳ ಅದೇ ದಿನದ ಮಳೆಯ ಪಕ್ಕ ಇಡುವುದು. ಮೂರೂ ಕಡೆ ಜೋರು ಮಳೆಯಾದ ದಿನ ಏಳರಲ್ಲಿ ಸೊನ್ನೆ. ನಾಲ್ಕು ದಿನದ ಮೇಲೆ, ಮೂರೂ ಕಡೆ ಒಣಗಿದ್ದ ದಿನ, ಏಳರಲ್ಲಿ ಇಪ್ಪತ್ತೆರಡು. ಒಂದು ವರ್ಷದ ಫೆಬ್ರವರಿಯಲ್ಲಿ ಒಂಬತ್ತು ದಿನ ಸತತ ಸೊನ್ನೆ, ಹತ್ತನೆಯ ದಿನ ನಲವತ್ತೊಂದು. ಅವತ್ತು ನೆರೆಯ ಮೂರೂ ಊರಿನಲ್ಲಿ ಹನಿ ನೀರಿಲ್ಲ. ಒಂದೆರಡು ಸಲವಾದರೆ ತಾರೀಖು ತಪ್ಪಿರಬಹುದು ಎನ್ನಬಹುದಿತ್ತು. ಇದು ವರ್ಷವರ್ಷವೂ ಇತ್ತು.

ಪುಟವನ್ನು ವಿಜಾಪುರದವಳಿಗೆ ತೋರಿಸಿದೆ. ನೋಡಿದವಳೇ ನಕ್ಕಳು.

"ಅಕ್ಕಾರ, ಈ ಮನಷ್ಯಾ ಮನ್ಯಾಗ ಕುಂತ ಬರದಾನ್ರಿ. ನಮ್ಮ ಸಾಲ್ಯಾಗ ಮಾಸ್ತರು ಹಾಜರಿ ಹಾಕತಿದ್ರಲ್ಲ, ತಿಂಗಳದ್ದೆಲ್ಲಾ ಒಮ್ಮೆ, ಹಂಗ."

ಪೆಟ್ಟಿಗೆಯೊಡನೆ ಬಂದಿದ್ದ ವೀಕ್ಷಕನ ಇಂಗ್ಲಿಷ್ ಚೀಟಿಯಲ್ಲಿ ಅವನು ನಿವೃತ್ತ ಶಾಲಾಮಾಸ್ತರ ಎಂದೇ ಇತ್ತು. ಆಮೇಲೆ ನಮಗೆ ಎಲ್ಲವೂ ಸಾಕ್ಷಿಯಾಗತೊಡಗಿತು. ಇಡೀ ತಿಂಗಳು ಒಂದೇ ಶಾಯಿ. ಮೂವತ್ತು ವರ್ಷ ಒಂದೇ ಕೈ, ಒಂದು ದಿನವೂ ಕಾಹಿಲೆ ಬಿದ್ದಿಲ್ಲವೆ ಇವನು? ಕೆಲವು ದಿನ ಅಂಕಿಯ ಬದಲು ಬರೀ ಒಂದು ಗೆರೆ. ಷರಾ ಕಲಮಿನಲ್ಲಿ, ಗುಣಾಕಾರದ ಗುರುತಿನಿಂದ ಶುರುವಾಗುವ ಒಂದು ಪುಟ್ಟ ಗೀಚು ಚಳಿಗಾಲದ ಪುಟಗಳಲ್ಲಿ ಮತ್ತೆಮತ್ತೆ. ಅದು ಅವನ ಸಹಿ ಎಂದು ನಾನು, ತಪ್ಪು ಅಂಕಿ ಹೊಡೆದುಹಾಕಿದ್ದು ಎಂದು ಅವಳು. ನಾವಿಬ್ಬರೂ ಅವನನ್ನು 'ಏಳನೇ ನಂಬರಿನ ಮಾಸ್ತರ' ಎಂದು ಕರೆಯತೊಡಗಿದೆವು. ರೊಟ್ಟಿ ಬುತ್ತಿ ಬಿಚ್ಚುವಾಗಲೂ ಅವನದೇ ಮಾತು. ಅವತ್ತು ಹೆಂಡತಿಯ ಜೊತೆ ಜಗಳವಾಗಿರಬೇಕು, ಸಿಟ್ಟಿಗೆ ನಲವತ್ತೊಂದು ಬರದಾನ ಎಂದು ಅವಳು ಕಥೆ ಕಟ್ಟುತ್ತಿದ್ದಳು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದ್ದು ಇಷ್ಟು: "ಆ ಮನುಷ್ಯನ್ನ ನೀನು ಕಣ್ಣಲ್ಲೂ ಕಂಡಿಲ್ಲ, ಆಗಲೇ ಜೈಲಿಗೆ ಹಾಕ್ಬಿಟ್ಟೆಯಲ್ಲ."

ಮುಖ್ಯಸ್ಥರಿಗೆ ನಾನು ಒಂದು ಕೋಷ್ಟಕ ಮಾಡಿಕೊಟ್ಟೆ. ಇಡೀ ವರ್ಷವನ್ನು ಒಟ್ಟು ಸೇರಿಸಿ, ಎಷ್ಟು ದಿನ ತಾಳೆ, ಎಷ್ಟು ದಿನ ತಾಳೆಯಿಲ್ಲ ಎಂಬುದಷ್ಟೇ ಅದರಲ್ಲಿತ್ತು. ತಿಂಗಳುವಾರು ಬಿಡಿಸಿದ್ದರೆ ತಾಳೆಯಾಗದ್ದೆಲ್ಲ ಡಿಸೆಂಬರಿನಿಂದ ಮಾರ್ಚಿನೊಳಗೆ ಎಂದು ಅವರು ಕ್ಷಣದಲ್ಲಿ ಹಿಡಿಯುತ್ತಿದ್ದರು. ಬಿಡಿಸಲಿಲ್ಲ. ಕೇಂದ್ರಗಳ ಪಟ್ಟಿಯಲ್ಲಿ ಏಳರ ಎದುರಿಗೆ ಸಮುದ್ರಮಟ್ಟದಿಂದ ಎತ್ತರ ಬರೆಯುವ ಮನೆ ಖಾಲಿಯಿತ್ತು. ನಕ್ಷೆ ಗೋಡೆಯ ಮೇಲೇ ಇತ್ತು. ನಾನು ಊರಿನ ಜಾಗಕ್ಕೆ ಗುಂಡುಪಿನ್ನು ಚುಚ್ಚಿದ್ದೆ, ಆ ಪಿನ್ನಿನ ಕೆಳಗೆ ಎತ್ತರ ತೋರಿಸುವ ಸಮೋನ್ನತಿ ರೇಖೆಗಳನ್ನು ಎಣಿಸಲಿಲ್ಲ. ಭೂಗೋಳದಲ್ಲಿ ಎಂ.ಎ. ಮಾಡಿದವಳು.

ಮುಖ್ಯಸ್ಥರು ಕೋಷ್ಟಕ ನೋಡಿ, ಅಲ್ಲಿಯ ನೀರಿನ ಇಲಾಖೆಗೆ ಒಂದು ಪತ್ರದ ಕರಡು ಮಾಡಲು ಹೇಳಿದರು. ಏಳನೆಯ ಕೇಂದ್ರದ ದಾಖಲೆ ನಂಬಲರ್ಹವಲ್ಲ, ಲೆಕ್ಕದಿಂದ ಬಿಡುತ್ತಿದ್ದೇವೆ ಎಂದು. ಅದನ್ನು ಬರೆದ ಮೇಲೆ ಇನ್ನೊಂದು ವಾಕ್ಯವನ್ನು, ಯಾರೂ ಕೇಳದೆ, ನಾನೇ ಸೇರಿಸಿದೆ: ವೀಕ್ಷಕರು ಮಾಪಕ ನೋಡದೆ ಊಹೆಯಿಂದ ಅಂಕಿ ತುಂಬಿರುವಂತೆ ಕಾಣುತ್ತದೆ, ಅವರನ್ನು ಈ ಕೆಲಸದಲ್ಲಿ ಮುಂದುವರಿಸುವ ಬಗ್ಗೆ ಯೋಚಿಸಬೇಕು. ಮುಖ್ಯಸ್ಥರು ಓದಿ, ಸೋಮವಾರ ಸಹಿ ಮಾಡುತ್ತೇನೆಂದು ಮೇಜಿನ ಮೇಲಿನ ಟ್ರೇಯಲ್ಲಿಟ್ಟರು. ಅದು ಬುಧವಾರ.

ಗುರುವಾರ ಲಂಡನ್ನಿನಲ್ಲಿ ಹಿಮ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಬಸ್ಸು ನಿಂತವು, ಟ್ಯೂಬು ರೈಲು ತಡವರಿಸಿತು, ನಮ್ಮನ್ನು ಬೇಗ ಮನೆಗೆ ಕಳಿಸಿದರು. ನಾನು ಏಳರ ಒಂದು ಕಟ್ಟು ಜೆರಾಕ್ಸನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಶುಕ್ರವಾರ ರಜೆ. ಶನಿವಾರ ಮೋಡ ಹರಿದು ಚೆನ್ನಾಗಿ ಬಿಸಿಲು ಬಿತ್ತು.

ಮುಂದಿನದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಅದು ನುಣುಪಾಗಿದೆ. ಚಳಿಗಾಲದಲ್ಲಿ ನಮ್ಮವರಿಗೆಲ್ಲ ಹಿತ್ತಲ ಮೆಟ್ಟಿಲೇ ಎರಡನೆಯ ಫ್ರಿಜ್. ಸ್ಟೀಲಿನ ಒಂದು ನೇರ ಅಂಚಿನ ತಪೇಲಿ, ಖಾಲಿಯಾದದ್ದು, ಅಲ್ಲೇ ಉಳಿದಿತ್ತು. ಗುರುವಾರ ಅದರಲ್ಲಿ ಹಿಮ ತುಂಬಿತ್ತು. ಶನಿವಾರ ಬಾಗಿಲು ತೆಗೆದು ನೋಡಿದರೆ, ನಿಚ್ಚಳ ಆಕಾಶದ ಕೆಳಗೆ, ತಪೇಲಿಯ ತಳದಲ್ಲಿ ನೀರು. ಸ್ಕೂಲಿನ ಸ್ಕೇಲು ಇಳಿಬಿಟ್ಟೆ. ಏಳು ಮಿಲಿಮೀಟರು. ಬಿಸಿಲು ಬಿದ್ದ ದಿನದ ಮಳೆ. ಬಾಗಿಲಲ್ಲೇ ನಿಂತಿದ್ದಾಗ ಫೆಬ್ರವರಿಯ ಆ ನಲವತ್ತೊಂದು ನೆನಪಾಯಿತು.

ಜೆರಾಕ್ಸುಗಳನ್ನು ತೆಗೆದುಕೊಂಡು, ರೇನರ್ಸ್ ಲೇನಿನ ಅಂಗಡಿ ಸಾಲಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟಿದ್ದ ಸೈಪ್ರಸ್ಸಿನ ಮುದುಕನ ಹತ್ತಿರ ಹೋದೆ. ನನ್ನ ರೇಷ್ಮೆ ಸೀರೆಗಳನ್ನು ಅವನಿಗೇ ಕೊಡುತ್ತಿದ್ದೆ, ಅವನ ಮಾತು ಗ್ರೀಕ್ ಎಂದು ಗೊತ್ತಿತ್ತು. ಕೌಂಟರಿನ ಮೇಲೆ ಎರಡು ಪುಟ್ಟ ಲೋಟ ಕಾಫಿ ಇಟ್ಟ. ಎರಡೇಕೆಂದು ನೆನಪಿಲ್ಲ, ಒಂದು ಅವನದೇ ಇರಬೇಕು. ಕನ್ನಡಕ ಏರಿಸಿ, ಆ ಗುಣಾಕಾರದ ಗುರುತಿನ ಗೀಚಿನ ಮೇಲೆ ಬೆರಳಿಟ್ಟ.

"ಓದಲಿಕ್ಕೇನಿದೆ ಇದರಲ್ಲಿ? ಹಿಮ. ಇದೂ ಹಿಮ. ಇಲ್ಲಿ ಉದ್ದ ಬರೆದಿದ್ದಾನೆ ನೋಡಿ. ಹಿಮ. ಕರಗಿದ ಮೇಲೆ ಅಳೆದೆ."

ಪುಟ ತಿರುವುತ್ತ ಹೋದ. ಗೆರೆ ಎಳೆದಿದ್ದ ದಿನಗಳ ಮುಂದೆ: ದಾರಿ ಮುಚ್ಚಿದೆ, ಮಾಪಕದ ಹತ್ತಿರ ಹೋಗಲಾಗಲಿಲ್ಲ. ಇನ್ನೊಂದು ಕಡೆ: ಹಿಮ ಕರಗಿಸಲು ಇನ್ನೊಂದು ಡಬ್ಬಿ ಬೇಕೆಂದು ಮತ್ತೆ ಬರೆದಿದ್ದೇನೆ. ಮುದುಕನಿಗೆ ನಗು ಬಂತು. ಗ್ರೀಸೆಂದರೆ ಬರೀ ಸಮುದ್ರದಂಡೆ ಎಂದುಕೊಂಡಿರಾ, ಆ ನಡುಬೆಟ್ಟದ ಊರುಗಳಲ್ಲಿ ಚಳಿಗಾಲಕ್ಕೆ ಬಾಗಿಲು ತೆಗೆಯಲು ಸಲಿಕೆ ಬೇಕು ಎಂದ.

ಮನೆಗೆ ಬಂದು ನಕ್ಷೆಯ ಪುಸ್ತಕ ತೆಗೆದೆ. ಏಳನೆಯ ಊರಿದ್ದದ್ದು ಸಾವಿರ ಮೀಟರಿಗೂ ಮೇಲೆ. ಹಿಮ ಬಿದ್ದ ದಿನ ಡಬ್ಬಿಯಲ್ಲಿ ನೀರಿಲ್ಲ, ಮಾಸ್ತರ ಸೊನ್ನೆ ಬರೆದ. ಬಿಸಿಲು ಬಂದು ಕರಗಿದ ದಿನ ನೀರಿತ್ತು, ಅಳೆದು ಬರೆದ. ಯಾಕೆಂದೂ ಪಕ್ಕದಲ್ಲೇ ಬರೆದ. ಅವನ ದಿನದ ಅಂಕಿಗಳು ಆ ದಿನದವಲ್ಲ ನಿಜ, ಆದರೆ ತಿಂಗಳ ಮೊತ್ತ ಬಹುಪಾಲು ಸರಿ. ಜಲಾಶಯಕ್ಕೆ ಬೇಕಾದದ್ದೂ ಅದೇ. ಬೆಟ್ಟದ ಮೇಲಿನ ಹಿಮವನ್ನು ಲೆಕ್ಕದಿಂದ ಕಿತ್ತುಹಾಕಿದ್ದರೆ ವಸಂತದಲ್ಲಿ ಹೊಳೆಗೆ ಬರುವ ನೀರೇ ನಮ್ಮ ಕಾಗದದಲ್ಲಿ ಇರುತ್ತಿರಲಿಲ್ಲ.

ಭಾನುವಾರ ಪೂರ್ತಿ ಯೋಚನೆ. ಸುಮ್ಮನಿದ್ದರೆ ಪತ್ರ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ, ನೋಡದ ಊರಿನ ನೋಡದ ಮುದುಕನೊಬ್ಬ ಮೂವತ್ತು ವರ್ಷದ ಕೆಲಸದ ಕೊನೆಗೆ ಸುಳ್ಳುಗಾರನಾಗುತ್ತಾನೆ. ಹೇಳಿದರೆ, ಎಲ್ಲ ಹನ್ನೊಂದು ಕೇಂದ್ರಗಳ ಷರಾ ಓದಿಸಬೇಕು, ಗಡುವು ತಪ್ಪುತ್ತದೆ, ಯಾರಾದರೂ ಹೊಣೆ ಹೊರಬೇಕು. ಹೇಳುವುದೆಂದು ನಿರ್ಧರಿಸಿದೆ. ಇಷ್ಟು ವರ್ಷ ಈ ನಿರ್ಧಾರದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಸೋಮವಾರ ಸಹಿಗೆ ಮೊದಲೇ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ತಪೇಲಿಯ ಸಂಗತಿಯನ್ನೂ ಹೇಳಿದೆ. ಷರಾ ಬಿಡಿ ಎಂದವನು ನಾನು, ಎಂದರು ಅವರು. ಪತ್ರ ಹರಿದರು. ಕಣ್ಣಿಟ್ಟು ನೋಡುವವರು ಕಚೇರಿಗೆ ಬೇಕು ಎಂದು ನನಗೆ ಹೇಳಿದರು.

ಏಳು ವಾರ ತಡವಾಯಿತು. ಅದರ ನಡುವೆ ವಿಜಾಪುರದವಳ ಮೂರು ತಿಂಗಳು ಮುಗಿಯಿತು, ಮುಂದುವರಿಸಲಿಲ್ಲ. ಎರಡನೆಯ ಕಣ್ಣಾಗಿ ಕೂರಿಸಿದವಳು ಏನನ್ನೂ ಹಿಡಿಯಲಿಲ್ಲವಲ್ಲ ಎಂದು ಮುಖ್ಯಸ್ಥರು ನನ್ನೆದುರೇ ಹೇಳಿದರು. ನಾನು ಏನೋ ಹೇಳಿದೆ, ಏನೆಂದು ನೆನಪಿಲ್ಲ. ಕೊನೆಯ ದಿನ ಅವಳು ಬುತ್ತಿಡಬ್ಬಿ ಚೀಲಕ್ಕೆ ಹಾಕಿಕೊಂಡು, ಬರ್ತೀನ್ರಿ ಅಕ್ಕಾರ ಎಂದು ಹೋದಳು. ಆಮೇಲೆ ಲೆಸ್ಟರಿಗೆ ಹೋದರೆಂದು ಕೇಳಿದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಮತ್ತೆ ಲಂಡನ್ನಿನಲ್ಲಿ ಜೋರು ಹಿಮ ಬಿತ್ತು. ಅದಾದ ಭಾನುವಾರ ಮನೆಗೆ ಊಟಕ್ಕೆ ಬಂದವರಿಗೆ ತಪೇಲಿಯ ಕಥೆ ಹೇಳಿದೆ. ಅವರು ಹೋದ ಮೇಲೆ ಪಾತ್ರೆ ತೊಳೆಯುವಾಗ, ಅದೇ ತಪೇಲಿ ಕೈಗೆ ಬಂತು. ಮಗುಚಿ ಹಾಕುವಾಗ ಅಂಚಿನ ಕೆಳಗೆ ಚುಕ್ಕಿಚುಕ್ಕಿಯಾಗಿ ಕೆತ್ತಿದ ಹೆಸರು ಕಂಡಿತು. ಮದುವೆಯ ಪಾತ್ರೆಗಳ ಮೇಲೆ ಕೆತ್ತಿಸುತ್ತಾರಲ್ಲ, ಹಾಗೆ. ನನ್ನ ಹೆಸರಲ್ಲ, ನನ್ನ ತಾಯಿಯದೂ ಅಲ್ಲ. ಯಾರೋ ಒಬ್ಬ ಹೆಣ್ಣುಮಗಳ ಹೆಸರು, ಮುಂದೆ ವಿಜಾಪುರ.

ಅಟ್ಟದ ಪೆಟ್ಟಿಗೆಯಿಂದ ಆ ವರ್ಷದ ಡೈರಿ ಇಳಿಸಿದೆ. ಶನಿವಾರದ ಪುಟ: "ಬೆಳಿಗ್ಗೆ ಅವಳ ಫೋನು. ಬಾಲ್ಕನಿಯಲ್ಲಿಟ್ಟ ತಪೇಲಿಯಲ್ಲಿ ಹಿಮ ಕರಗಿದೆ, ಅಕ್ಕಾರ ನಮ್ಮ ಮಾಸ್ತರ ಸುಳ್ಳ ಬರದಿಲ್ಲ ಅಂದಳು. ಅರ್ಥವಾಗಲಿಲ್ಲ. ಮಧ್ಯಾಹ್ನ ನೀರು ಚೆಲ್ಲದಂತೆ ಮುಚ್ಚಳ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಇಬ್ಬರೂ ಡ್ರೈಕ್ಲೀನಿಂಗಿನವನ ಹತ್ತಿರ ಹೋದೆವು. ಕಾಫಿ ಕೊಟ್ಟ." ಇದು ಆ ಭಾನುವಾರವೇ ಬರೆದದ್ದು. ಸೋಮವಾರದ ಪುಟ ಅದರ ಮುಂದಿನ ಭಾನುವಾರ ಬರೆದದ್ದು: "ನಾನು ಗಮನಿಸಿದ್ದನ್ನು ಮುಖ್ಯಸ್ಥರಿಗೆ ಹೇಳಿದೆ. ಮೆಚ್ಚಿಕೊಂಡರು." ಎರಡು ಭಾನುವಾರಗಳ ನಡುವೆ ಎಲ್ಲೋ ಅವಳು ಇಳಿದು ನಾನು ಹತ್ತಿದ್ದೆ. ಆ ಕೋಣೆಯಲ್ಲಿ 'ನಾನು' ಎಂದೆನೋ 'ನಾವು' ಎಂದೆನೋ, ಡೈರಿ ಹೇಳುವುದಿಲ್ಲ. ಅವಳ ಕೆಲಸ ಹೋಗುವಾಗ ನಾನು ಬಾಯಿ ಬಿಡಲಿಲ್ಲ ಎಂಬುದಂತೂ ಹೇಳುತ್ತದೆ. ಆ ದಿನದ ಪುಟದಲ್ಲಿ ಹವೆಯ ಬಗ್ಗೆ ಮಾತ್ರ ಇದೆ.

ನಂಬರು ಹುಡುಕಿ ಲೆಸ್ಟರಿಗೆ ಫೋನು ಮಾಡಲು ಮೂರು ವಾರ ಹಿಡಿಯಿತು. ಈಗ ಅವಳು ಒಂದು ಶಾಲೆಯ ಆಫೀಸಿನಲ್ಲಿದ್ದಾಳೆ, ಎರಡು ಮಕ್ಕಳು. ದನಿ ಅದೇ. ತಪೇಲಿಯ ಮಾತು ತೆಗೆದೆ. ನಿನಗ ನೆನಪದ ಏನು ಎಂದೆ.

"ಮರೀಲಿಕ್ಕೆ ಏನೈತ್ರಿ ಅಕ್ಕಾರ, ನಾನ ಹೊತ್ಕೊಂಡ ಬಂದಿದ್ದೆ."

"ಅವತ್ತ ಅವರ ಮುಂದ ನೀನ ಯಾಕ ಹೇಳಲಿಲ್ಲ?"



"ನೀವ ಹೇಳ್ತೀರಿ ಅಂತ ಕಾಯ್ದೆರಿ."

ಅವಳೇ ಮಾತು ತಿರುಗಿಸಿ, ಮಾಸ್ತರಗ ಆಮ್ಯಾಗ ಹೊಸ ಡಬ್ಬಿ ಕೊಟ್ರೋ ಇಲ್ಲೋ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ, ಆಮೇಲೆ ನಾನು ಅವನ ಸುದ್ದಿ ಕೇಳಲೇ ಇಲ್ಲ. ಫೋನು ಇಡುವ ಮೊದಲು ಹೇಳಿದಳು: "ತಪೇಲಿ ಕಳಸ್ರಿ. ಅದು ಅವ್ವಂದು."

ತಪೇಲಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ ಅಂಚೆಗೆ ಕೊಟ್ಟು ಬಂದೆ. ಆ ಸೋಮವಾರದ ಪುಟ ತೆಗೆದೆ. ಅಲ್ಲಿದ್ದದ್ದನ್ನು ಹೊಡೆದುಹಾಕಲಿಲ್ಲ. ಹಳೆಯ ಪೆನ್ನನ್ನೂ ಹುಡುಕಲಿಲ್ಲ. ಅಂಚಿನಲ್ಲಿ ಒಂದು ಗೆರೆ ಎಳೆದು ಷರಾ ಕಲಮು ಮಾಡಿದೆ. ಅದರಲ್ಲಿ ಇವತ್ತಿನ ತಾರೀಖು ಹಾಕಿ ಬರೆದೆ: ಹಿಮ. ಕರಗಿದ ಮೇಲೆ ಅಳೆದೆ.